ಗೋಡೆಯ ರಂಧ್ರವನ್ನು ಮುಚ್ಚುವ ಬಗೆ

ಮನೆಯೆಂದ ಮೇಲೆ ಗೋಡೆ, ಗೋಡೆಯೆಂದ ಮೇಲೆ ಮೊಳೆ, ಮೊಳೆಯೆಂದ ಮೇಲೆ ಒಂದಲ್ಲ ಒಂದು ದಿನ ರಂಧ್ರ. ಇದು ಗೃಹಸ್ಥರೆಲ್ಲರೂ ಬಲ್ಲ ಸಂಗತಿ. ಪಟವನ್ನು ಬೇರೆಡೆಗೆ ಸಾಗಿಸಲೆಂದು ಮೊಳೆಯನ್ನು ಕಿತ್ತರೆ ಅದರೊಡನೆ ಅಂಗೈಯಗಲದ ಗಾರೆಯೂ ಉದುರುತ್ತದೆ. ಅದನ್ನು ಕ್ಯಾಲೆಂಡರಿನ ಹಿಂದೆ ಮರೆಸಿ ವರ್ಷಗಟ್ಟಲೆ ಸುಮ್ಮನಿರುವವರು ಹಲವರು. ಕೈಗೆ ಸಿಕ್ಕಿದ ಸಿಮೆಂಟನ್ನು ಮೆತ್ತಿ ಕೆಲಸ ಮುಗಿಯಿತೆನ್ನುವವರು ಮತ್ತೆ ಕೆಲವರು. ಮೊದಲನೆಯವರು ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವ ತನಕ ಕಾಯುತ್ತಾರೆ. ಎರಡನೆಯವರಿಗೆ ದೊರೆಯುವ ಫಲವನ್ನು ನಾನೇ ಉಂಡಿದ್ದೇನೆ.

ನಮ್ಮ ತಾತನವರು ಕಟ್ಟಿಸಿದ ಮನೆಯ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ನಡುಮನೆಯ ಗೋಡೆಯಲ್ಲಿದ್ದ ರಂಧ್ರವೊಂದಕ್ಕೆ, ಗಟ್ಟಿಯಾಗಿ ನಿಲ್ಲಲೆಂದು, ಸಿಮೆಂಟನ್ನೇ ಹೆಚ್ಚಾಗಿ ಬೆರಸಿ ತುಂಬಿದೆನು. ಬೇಸಗೆಯಲ್ಲಿ ನೋಡಲು ಚೆನ್ನಾಗಿಯೇ ಇದ್ದಿತು. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ತೇಪೆಯ ಸುತ್ತಲಿನ ಗಾರೆಯು ಉಬ್ಬಿತು. ಒಂದು ರಾತ್ರಿ ತಟ್ಟೆಯಗಲದ ಹೆಂಟೆಯು, ಮಗು ಮಲಗಿದ್ದ ಹಾಸಿಗೆಯ ಪಕ್ಕದಲ್ಲಿಯೇ ಬಿದ್ದಿತು. ಮಗುವಿಗೆ ಏನೂ ಆಗಲಿಲ್ಲ. ನಮಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಬಂದ ವೃದ್ಧ ಗಾರೆಯವನು ಹೆಂಟೆಯನ್ನು ಕೈಯಲ್ಲಿ ಹಿಡಿದು ನೋಡಿ, “ಸ್ವಾಮಿ, ಗೋಡೆಯ ನಾಡಿ ನೋಡದೆ ಔಷಧ ಕೊಟ್ಟುಬಿಟ್ಟಿರಿ” ಎಂದನು.

ಅವನ ಮಾತಿನಲ್ಲಿ ಶಾಸ್ತ್ರವಿದ್ದಿತು. ಸುಣ್ಣದ ಗಾರೆ ಸಾವಿರಾರು ವರ್ಷಗಳಷ್ಟು ಹಳೆಯದು. ಪೋರ್ಟ್‌ಲೆಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬಾತನು ಹಕ್ಕುಪತ್ರ ಪಡೆದದ್ದು 1824ರಲ್ಲಿ. ಇವೆರಡರ ಗುಣವೂ ಬೇರೆ. ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಹೀರಿ ನಿಧಾನವಾಗಿ ಕಲ್ಲಾಗುತ್ತದೆ. ಗೋಡೆಯೊಳಗಿನ ತೇವವನ್ನು ಹೊರಗೆ ಆರಗೊಡುತ್ತದೆ. ಸಿಮೆಂಟು ನೀರಿನೊಡನೆ ಕೂಡಿ ಬೇಗ ಬಿರುಸಾಗುತ್ತದೆ. ತೇವಕ್ಕೆ ಸುಲಭವಾಗಿ ದಾರಿ ಕೊಡುವುದಿಲ್ಲ. ಅಡ್ಡಗಟ್ಟಿದ ತೇವವು ಸುತ್ತಲಿನ ಮೆತ್ತನೆಯ ಗಾರೆಯನ್ನು ಸಡಿಲಿಸುತ್ತದೆ. ಆದುದರಿಂದ ತೇಪೆಯು ಗೋಡೆಯ ಗುಣಕ್ಕೆ ಒಪ್ಪತಕ್ಕದ್ದು, ಅದಕ್ಕಿಂತ ಬಿರುಸಾಗಿರಕೂಡದು.

ಗೋಡೆಯ ಗುಣವನ್ನು ತಿಳಿಯುವುದು ಕಷ್ಟವಲ್ಲ. ರಂಧ್ರದ ಅಂಚನ್ನು ಮೊಳೆಯಿಂದ ಕೆರೆದು ನೋಡಿರಿ. ಬೆಳ್ಳಗೆ ಪುಡಿಯಾದರೆ ಸುಣ್ಣ. ಬೂದುಬಣ್ಣವಾಗಿ ಗಟ್ಟಿಯಾಗಿದ್ದರೆ ಸಿಮೆಂಟು. ನೀರು ತಾಕಿದೊಡನೆ ಕರಗಿದರೆ ಮಣ್ಣು. ಬಳಿಕ ಸುತ್ತಲೂ ಬೆರಳ ಗೆಣ್ಣಿನಿಂದ ತಟ್ಟಿರಿ. ಪೊಳ್ಳು ಸದ್ದು ಬಂದ ಕಡೆ ಗಾರೆಯು ಗೋಡೆಯನ್ನು ಬಿಟ್ಟಿದೆಯೆಂದು ತಿಳಿಯತಕ್ಕದ್ದು. ತೇವ, ಗೆದ್ದಲು, ಇಲಿ ಇವುಗಳಲ್ಲಿ ಯಾವುದಾದರೂ ರಂಧ್ರಕ್ಕೆ ಕಾರಣವಾಗಿದ್ದರೆ ಮೊದಲು ಅದನ್ನು ನಿವಾರಿಸಬೇಕು. ವಿದ್ಯುತ್ತಿನ ಗುಂಡಿಗಳ ಸಮೀಪದಲ್ಲಿ ರಂಧ್ರವಿದ್ದರೆ ಮನೆಯ ಮೇನ್ ಸ್ವಿಚ್ಚನ್ನು ಆರಿಸದೆ ಉಳಿ ಮುಟ್ಟಬೇಡಿರಿ. ನೀರನ್ನಂತೂ ಚಿಮುಕಿಸಲೇಬೇಡಿರಿ, ಆ ಕೆಲಸವನ್ನು ಬಲ್ಲವರಿಗೆ ಬಿಡಿರಿ.

ಇನ್ನು ಕೆಲಸದ ಕ್ರಮ. ಸಡಿಲವಾದುದನ್ನೆಲ್ಲ ಉಳಿ ಸುತ್ತಿಗೆಗಳಿಂದ ಮೆಲ್ಲಗೆ ತೆಗೆದು, ಧೂಳನ್ನು ಕುಂಚದಿಂದ ಝಾಡಿಸಿರಿ. ರಂಧ್ರದ ಒಳಮೈಯನ್ನು ನೀರಿನಿಂದ ನೆನೆಸಿರಿ. ಒಣಗಿದ ಗೋಡೆಯು ಹೊಸ ಗಾರೆಯ ನೀರನ್ನೆಲ್ಲ ಕುಡಿದುಬಿಡುವುದರಿಂದ ತೇಪೆಯು ಹಿಡಿಯಲಾರದು. ಸುಣ್ಣದ ಗೋಡೆಗೆ, ಅರಳಿಸಿ ನೆನೆಹಾಕಿದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಶುದ್ಧ ಮರಳು ಮೂರು ಪಾಲು. ಸಿಮೆಂಟಿನ ಗೋಡೆಗೆ, ಸಿಮೆಂಟು ಒಂದು ಪಾಲು, ಮರಳು ನಾಲ್ಕರಿಂದ ಆರು ಪಾಲು. ಕಲಸಿದ ಅರ್ಧ ಗಂಟೆಯೊಳಗೆ ಮುಗಿಯುವಷ್ಟನ್ನೇ ಕಲಸಿರಿ. ಮಣ್ಣಿನ ಗೋಡೆಗೆ ಅದೇ ಬಗೆಯ ಮಣ್ಣನ್ನು ಹುಲ್ಲಿನ ಚೂರುಗಳೊಡನೆ ತುಳಿದು ಹದ ಮಾಡಿದರೆ ಸಾಕು.

ಗಾರೆಯನ್ನು ಕರಣೆಯಿಂದ ಒತ್ತಿ ತುಂಬಿರಿ. ಒಂದು ಸಲಕ್ಕೆ ಅರ್ಧ ಅಂಗುಲಕ್ಕಿಂತ ದಪ್ಪನಾಗಿ ಹಚ್ಚಬಾರದು. ರಂಧ್ರವು ಆಳವಾಗಿದ್ದರೆ ಮೊದಲ ಪದರವನ್ನು ಗೀರಿ ಬಿಟ್ಟು, ಅದು ಬಿಗಿದ ಮೇಲೆ ಎರಡನೆಯದನ್ನು ಹಚ್ಚಿರಿ. ಸಿಮೆಂಟಿನ ತೇಪೆಗೆ ಒಂದು ವಾರ ನೀರು ಚಿಮುಕಿಸಬೇಕು. ಸುಣ್ಣದ ತೇಪೆಯನ್ನು ಕೆಲವು ದಿನ ತುಸು ತೇವವಾಗಿಟ್ಟು, ಬಿಸಿಲು ಮತ್ತು ಬೀಸಣಿಗೆಯ ಗಾಳಿಯಿಂದ ಕಾಪಾಡಬೇಕು. ಪೂರ್ಣವಾಗಿ ಆರಿದ ಮೇಲೆಯೇ ಬಣ್ಣ ಬಳಿಯತಕ್ಕದ್ದು.

ಬರಿಯ ಮೊಳೆಯ ತೂತಾದರೆ ಇಷ್ಟೊಂದು ಶ್ರಮವಿಲ್ಲ. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಗೋಡೆಯ ಪುಟ್ಟಿಯೋ ಪ್ಲಾಸ್ಟರ್ ಆಫ್ ಪ್ಯಾರಿಸ್ಸೋ ಸಾಲುತ್ತದೆ. ಎರಡನೆಯದು ಕೆಲವೇ ನಿಮಿಷಗಳಲ್ಲಿ ಬಿಗಿಯುವುದರಿಂದ ಚಿಟಿಕೆ ಚಿಟಿಕೆಯಾಗಿ ಕಲಸಬೇಕು. ಬಚ್ಚಲಿನಂತಹ ತೇವದ ಸ್ಥಳಕ್ಕೆ ಅದು ಸಲ್ಲದು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದುದರಿಂದ ಅದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಸುಣ್ಣವಾಗಲಿ ಸಿಮೆಂಟಾಗಲಿ ಕಣ್ಣಿಗೆ ಬಿದ್ದರೆ ಅಪಾಯ, ಮಕ್ಕಳನ್ನು ದೂರವಿರಿಸಿರಿ. ಸುಟ್ಟ ಸುಣ್ಣದ ಕಲ್ಲು ನೀರಿನಲ್ಲಿ ಕೊತಕೊತನೆ ಕುದಿಯುವುದರಿಂದ ಅದನ್ನು ಮನೆಯಲ್ಲಿ ಅರಳಿಸುವ ಸಾಹಸ ಬೇಡ.

ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಕಂಡರೆ ಅದರ ತುದಿಯಲ್ಲಿ ಗೆರೆಯೆಳೆದು ತಾರೀಖು ಬರೆದಿಡಿರಿ. ಬಿರುಕು ಗೆರೆಯನ್ನು ದಾಟಿ ಬೆಳೆದರೆ ಅದು ತೇಪೆಯ ಕೆಲಸವಲ್ಲ; ಅನುಭವಸ್ಥನಾದ ಎಂಜಿನಿಯರನನ್ನು ಕರೆಯತಕ್ಕದ್ದು.

ನಮ್ಮ ನಡುಮನೆಯ ಗೋಡೆಗೆ ಆ ವೃದ್ಧನು ಸುಣ್ಣದ ಗಾರೆಯನ್ನೇ ಹಾಕಿ ಹೋದನು. ಅಂದಿನಿಂದ ಹಲವು ಮಳೆಗಾಲಗಳು ಕಳೆದುವು. ಈಗ ತೇಪೆಯಿದ್ದ ಜಾಗವನ್ನು ತೋರಿಸೆಂದರೆ ನನಗೇ ತಿಳಿಯದು.