ಕಣದಷ್ಟು ಲವಣ, ಮಣದಷ್ಟು ಪರಿಣಾಮ

ಮಗುವಿನ ಕಾಲು ಕೊಂಚ ಸೊಟ್ಟಗೆ ಕಂಡರೆ ಸಾಕು, ಸುಣ್ಣದಂಶದ ಕೊರತೆಯೆಂದು ಭಾವಿಸಿ ಟಾನಿಕ್ಕಿನ ಸೀಸೆಯನ್ನು ಮನೆಗೆ ತರುವ ತಂದೆತಾಯಿಯರು ಅನೇಕರು. ಅವರ ಊಹೆ ಹಲವೊಮ್ಮೆ ನಿಜವೂ ಆಗಿರುತ್ತದೆ. ಆದರೆ ಕೊರತೆಯಂತೆ ಅತಿರೇಕವೂ ಎಲುಬನ್ನು ಕೆಡಿಸಬಲ್ಲುದು. ಈಗ ತೆಲಂಗಾಣಕ್ಕೆ ಸೇರಿರುವ ನಲಗೊಂಡದ ಹಳ್ಳಿಗಳು ಇದಕ್ಕೆ ಸಾಕ್ಷಿ.

ಅಲ್ಲಿಯ ಅನೇಕ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಹೇರಳ. ಅತ್ಯಲ್ಪ ಪ್ರಮಾಣದಲ್ಲಿ ಅದು ಹಲ್ಲಿಗೆ ಹಿತಕಾರಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿತೆಂದರೆ ಮಿತ್ರನೇ ಶತ್ರುವಾಗುತ್ತಾನೆ. ಮೊದಲು ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆ. ಪ್ರಮಾಣ ಇನ್ನೂ ಹೆಚ್ಚಾಗಿದ್ದಲ್ಲಿ, ವರ್ಷಗಳುರುಳಿದಂತೆ ಕೀಲುಗಳು ಬಿಗಿಯುತ್ತವೆ, ಬೆನ್ನುಮೂಳೆ ಸೆಟೆಯುತ್ತದೆ. ಪಕ್ಕಕ್ಕೆ ನೋಡಬೇಕಾದರೂ ಇಡೀ ಮೈಯನ್ನೇ ತಿರುಗಿಸಬೇಕು. ನೆಲ್ಲೂರು ಸೀಮೆಯಲ್ಲಿ ಈ ವ್ಯಾಧಿಯನ್ನು ವೈದ್ಯರು 1937ರಲ್ಲಿಯೇ ವರ್ಣಿಸಿದ್ದರು.

ನಲಗೊಂಡದಲ್ಲಿ ಮುಂದೆ ಕಂಡದ್ದು ಇನ್ನೊಂದು ವಿಕಾರ. ಬೆಳೆಯುವ ಹುಡುಗರ ಮೊಣಕಾಲುಗಳು ಒಂದನ್ನೊಂದು ತಾಗುವಂತೆ ಒಳಕ್ಕೆ ಬಾಗಿದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಇದನ್ನು 1973ರಲ್ಲಿ ಜಗತ್ತಿಗೆ ತಿಳಿಸಿದರು. ಫ್ಲೋರೈಡ್ ಹಿಂದೆಯೂ ಇತ್ತಲ್ಲವೇ, ಈ ಹೊಸ ರೂಪವೇಕೆ? ಸಂಶೋಧಕರ ದೃಷ್ಟಿ ಜನರ ನಿತ್ಯಾಹಾರವಾದ ಜೋಳದತ್ತ ಹರಿಯಿತು. ನಾಗಾರ್ಜುನಸಾಗರದ ನೀರು ಜಿನುಗಿ ಅಂತರ್ಜಲ ಮೇಲೇರಿ, ಮಣ್ಣು ಕ್ಷಾರವಾಗಿ, ಪೈರು ಮಾಲಿಬ್ಡಿನಂ ಎಂಬ ಲೋಹಾಂಶವನ್ನು ಅಧಿಕವಾಗಿ ಹೀರಿತು. ಅದು ದೇಹದ ತಾಮ್ರವನ್ನು ಮೂತ್ರದೊಡನೆ ಹೊರದೂಡಿತು ಎಂಬುದು ಅವರ ತರ್ಕ. ವಯಸ್ಕನೊಬ್ಬನ ಮೈಯಲ್ಲಿರುವ ತಾಮ್ರವೆಲ್ಲ ಕೂಡಿ ಸುಮಾರು 100 ಮಿಲಿಗ್ರಾಂ ಮಾತ್ರ. ಎಲುಬಿನೊಳಗಿನ ನಾರುಗಳ ಬೆಸುಗೆಗೆ ಆ ಚಿಟಿಕೆಯಷ್ಟೂ ಬೇಕು!

ಇದು ದೂರದೂರಿನ ಕಥೆಯೆಂದು ಪುಟ ತಿರುವುವಂತಿಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿಗಳಲ್ಲಿಯೂ ಫ್ಲೋರೈಡ್ ಉಂಟು. ನೀರನ್ನು ಕಾಯಿಸಿದರೆ ಅದು ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಏರುವುದು. ಪಟಿಕ ಮತ್ತು ಸುಣ್ಣವನ್ನು ಬೆರೆಸಿ, ಕಲಕಿ, ತಿಳಿಗೊಳಿಸುವ ಕ್ರಮಕ್ಕೆ ನಲಗೊಂಡ ವಿಧಾನವೆಂದೇ ಹೆಸರಾಗಿದೆ.

ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ಮಕ್ಕಳನ್ನೇ ಈ ವ್ಯಾಧಿ ಹೆಚ್ಚಾಗಿ ಕಾಡುತ್ತದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ಕೊಳವೆಬಾವಿಯ ನೀರು ಕುಡಿಯುವ ಮನೆಯವರು ಮಾತ್ರ ಸೀಸೆಯ ಟಾನಿಕ್ಕಿಗೆ ಮೊದಲು ಒಂದು ಸೀಸೆ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಮೇಲು.