ಅತಿಸಂವೇದನೆಯ ನಾಲ್ಕು ಬಗೆಗಳು

೧೯೦೨ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಎಂಬ ವಿಜ್ಞಾನಿಗಳು ಕಡಲಜೀವಿಯೊಂದರ ವಿಷವನ್ನು ನಾಯಿಗಳಿಗೆ ಚುಚ್ಚಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಮೊದಲ ಸಲ ಬದುಕಿ ಉಳಿದ ನಾಯಿಗೆ ಕೆಲವು ವಾರಗಳ ತರುವಾಯ ಅದೇ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ ಅದು ಸ್ವಲ್ಪ ಹೊತ್ತಿನಲ್ಲಿಯೇ ಸತ್ತಿತು. ಪೂರ್ವಪರಿಚಯದಿಂದ ರಕ್ಷಣೆ ಹೆಚ್ಚಬೇಕಾಗಿದ್ದಲ್ಲಿ ಅಪಾಯವೇ ಹೆಚ್ಚಿತು. ಇದನ್ನು ಅವರು ‘ಅನಫಿಲಾಕ್ಸಿಸ್’ ಎಂದು ಕರೆದರು. ಈ ಶೋಧನೆಗಾಗಿ ರಿಶೆಗೆ ೧೯೧೩ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ರೋಗವನ್ನು ತಡೆಯತಕ್ಕ ವ್ಯವಸ್ಥೆಯೇ ದೇಹಕ್ಕೆ ಹಾನಿಯುಂಟುಮಾಡುವ ಇಂಥ ವ್ಯಾಪಾರವನ್ನು ಅತಿಸಂವೇದನೆ ಎನ್ನುತ್ತೇವೆ. ೧೯೬೩ರಲ್ಲಿ ಜೆಲ್ ಮತ್ತು ಕೂಂಬ್ಸ್ ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಆ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

ಮೊದಲನೆಯದು ತಕ್ಷಣದ ಬಗೆ. ಪರಾಗವೋ ಪೆನಿಸಿಲಿನ್ನೋ ಮೊದಲು ದೇಹವನ್ನು ಹೊಕ್ಕಾಗ, ಕೆಲವರಲ್ಲಿ ಅದಕ್ಕೆ ಪ್ರತಿಯಾಗಿ ಐ.ಜಿ.ಇ. ಎಂಬ ಪ್ರತಿಕಾಯಗಳು ಹುಟ್ಟಿ ಮಾಸ್ಟ್ ಜೀವಕಣಗಳ ಮೈಗೆ ಅಂಟಿಕೊಳ್ಳುತ್ತವೆ. ಆಗ ಹೊರಗೆ ಏನೂ ತೋರದು. ಅದೇ ವಸ್ತು ಮರಳಿ ಬಂದು ಅಕ್ಕಪಕ್ಕದ ಪ್ರತಿಕಾಯಗಳನ್ನು ಸೇತುವೆಯಂತೆ ಕೂಡಿಸಿದರೆ, ಜೀವಕಣದೊಳಗಿನ ಹಿಸ್ಟಮಿನ್ ಹೊರಚೆಲ್ಲುತ್ತದೆ. ರಕ್ತನಾಳಗಳು ಹಿಗ್ಗುತ್ತವೆ, ಶ್ವಾಸನಾಳಗಳು ಕುಗ್ಗುತ್ತವೆ. ಪಿತ್ತದ ಗಂಧೆ, ಉಬ್ಬಸ, ಕೆಲವೊಮ್ಮೆ ಪ್ರಾಣಾಂತಿಕವಾದ ರಕ್ತದೊತ್ತಡದ ಕುಸಿತ ಉಂಟಾಗುತ್ತದೆ. ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಗೊಳಿಸಿ ಶ್ವಾಸನಾಳಗಳನ್ನು ಸಡಿಲಿಸುವುದರಿಂದ ಅದೇ ಇಲ್ಲಿ ಮೊದಲ ಮದ್ದು.

ಎರಡನೆಯ ಬಗೆಯಲ್ಲಿ ಪ್ರತಿಕಾಯಗಳು ನೇರವಾಗಿ ಜೀವಕಣಗಳ ಮೇಲ್ಮೈಯನ್ನೇ ಹಿಡಿದು ಅವುಗಳ ನಾಶಕ್ಕೆ ಕಾರಣವಾಗುತ್ತವೆ. ಹೊಂದದ ಗುಂಪಿನ ರಕ್ತವನ್ನು ಕೊಟ್ಟಾಗ ಆಗುವ ಅನಾಹುತ ಇದೇ.

ಮೂರನೆಯದರಲ್ಲಿ ಪ್ರತಿಜನಕವೂ ಪ್ರತಿಕಾಯವೂ ಬೆಸೆದ ಸಂಕೀರ್ಣಗಳು ರಕ್ತನಾಳ, ಕೀಲು, ಮೂತ್ರಪಿಂಡಗಳಲ್ಲಿ ತಂಗಿ ಉರಿಯೂತವನ್ನು ತರುತ್ತವೆ. ಕುದುರೆಯ ಸೀರಮ್ ಪಡೆದವರಲ್ಲಿ ಒಂದೆರಡು ವಾರಗಳ ಮೇಲೆ ಜ್ವರ, ದದ್ದು, ಕೀಲುನೋವು ಕಾಣಿಸಿಕೊಳ್ಳುವುದನ್ನು ಪಿರ್ಕೆ ಮತ್ತು ಶಿಕ್ ೧೯೦೫ರಲ್ಲಿ ವಿವರಿಸಿದರು. ಹಾವಿನ ವಿಷಕ್ಕೆ ಕೊಡುವ ಸೀರಮ್ಮಿನಿಂದಲೂ ಹೀಗಾಗಬಹುದು.

ನಾಲ್ಕನೆಯದು ತಡವಾದ ಬಗೆ. ಇಲ್ಲಿ ಕೆಲಸ ಪ್ರತಿಕಾಯಗಳದಲ್ಲ, ಟಿ ಲಿಂಫೋಸೈಟುಗಳದು. ಅವು ಸ್ಥಳಕ್ಕೆ ಬಂದು ಸೇರಿ ಇತರ ಜೀವಕಣಗಳನ್ನು ಕರೆಯಲು ಕಾಲ ಬೇಕು. ಆದುದರಿಂದಲೇ ಕ್ಷಯದ ಟ್ಯುಬರ್ಕ್ಯುಲಿನ್ ಪರೀಕ್ಷೆಯ ಫಲವನ್ನು ೪೮ರಿಂದ ೭೨ ಗಂಟೆಗಳ ಬಳಿಕ ನೋಡುತ್ತಾರೆ. ಕೆಂಪನ್ನಲ್ಲ, ಗಟ್ಟಿಯಾದ ಊತವನ್ನು ಅಳೆಯುತ್ತಾರೆ.

ಈ ಬಗೆಗಳು ಒಬ್ಬನಲ್ಲಿಯೇ ಬೆರೆತಿರುವುದೂ ಉಂಟು. ಪೆನಿಸಿಲಿನ್ ಒಂದೇ ನಾಲ್ಕನ್ನೂ ಉಂಟುಮಾಡಬಲ್ಲದು. ಆದಕಾರಣ ‘ಈ ಮದ್ದು ನನಗೆ ಒಗ್ಗದು’ ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ನಿಲ್ಲಬಾರದು. ಏನಾಯಿತು, ಎಷ್ಟು ಹೊತ್ತಿನಲ್ಲಿ ಆಯಿತು ಎಂದು ವಿಚಾರಿಸಬೇಕು. ಆ ಮದ್ದನ್ನು ಮತ್ತೆ ಕೊಡಬಹುದೇ ಎಂಬ ನಿರ್ಣಯಕ್ಕೆ ಅದೇ ಮೊದಲ ಆಧಾರ.