ಬಡವರ ಮನೆಯ ದೀಪದ ಲೆಕ್ಕ

ದೀಪಕ್ಕಾಗಿ ದಾನ ಕೊಡುವುದು ನಮ್ಮಲ್ಲಿ ಪುಣ್ಯದ ಕೆಲಸವೆಂದು ಬಹುಕಾಲದಿಂದ ನಡೆದುಬಂದಿದೆ. ಗುಡಿಯ ನಂದಾದೀಪಕ್ಕೆ ಎಣ್ಣೆ ಬಿಟ್ಟುಕೊಟ್ಟ ಸಂಗತಿ ಕನ್ನಡನಾಡಿನ ಶಾಸನಗಳಲ್ಲಿ ಹೇರಳವಾಗಿ ಸಿಗುತ್ತದೆ. ಆ ದಾನಿಗಳು ಒಂದು ಸೂಕ್ಷ್ಮವನ್ನು ಅರಿತಿದ್ದರು. ಕಂಬ ನಿಲ್ಲಿಸಿದ ಮಾತ್ರಕ್ಕೆ ದೀಪ ಉರಿಯುವುದಿಲ್ಲ; ದಿನದಿನದ ಎಣ್ಣೆಗೆ ಏರ್ಪಾಡಾಗಬೇಕು. ಆದುದರಿಂದಲೇ ಅವರು ಹೊಲವನ್ನೋ ಗಾಣದ ಆಯವನ್ನೋ ದತ್ತಿಯಾಗಿ ಬಿಟ್ಟರು.

ವಿದ್ಯುದ್ದೀಪದ ಕಾಲಕ್ಕೂ ಈ ಮಾತು ಸಲ್ಲುತ್ತದೆ. ಬಡವನ ಮನೆಗೆ ತಂತಿ ಎಳೆದು ಬಲ್ಬು ತೂಗಹಾಕುವುದು ಒಂದು ದಿನದ ಕೆಲಸ. ತಿಂಗಳು ತಿಂಗಳು ಬರುವ ಬಿಲ್ಲನ್ನು ತೀರಿಸುವುದು ಜೀವಮಾನದ ಕೆಲಸ. 1970ರ ದಶಕದ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ‘ಭಾಗ್ಯಜ್ಯೋತಿ’ಯೂ 1988-89ರಲ್ಲಿ ಕೇಂದ್ರ ಸರಕಾರ ತಂದ ‘ಕುಟೀರ ಜ್ಯೋತಿ’ಯೂ ಬಡವರ ಗುಡಿಸಲಿಗೆ ಒಂದೊಂದು ದೀಪವನ್ನು ಕೊಟ್ಟವು. ಬಹುಕಾಲ ಈ ಮನೆಗಳಿಗೆ ತಿಂಗಳಿಗೆ 18 ಯೂನಿಟ್‌ವರೆಗೆ ಮಾತ್ರ ಉಚಿತವಿತ್ತು. ಮುಂದೆ ಆ ಮಿತಿ 40ಕ್ಕೆ ಏರಿತು. ಮಿತಿ ದಾಟಿದರೆ ಸಾಮಾನ್ಯ ಗ್ರಾಹಕರ ದರದಲ್ಲಿಯೇ ಬಿಲ್ಲು.

ಈ ಅಂಕಿಗಳ ಅರ್ಥವನ್ನು ಕೊಂಚ ಲೆಕ್ಕ ಹಾಕಿ ನೋಡೋಣ. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ನಲವತ್ತು ವ್ಯಾಟಿನ ಒಂದು ಬಲ್ಬು ದಿನಕ್ಕೆ ಆರು ಗಂಟೆ ಉರಿದರೆ ತಿಂಗಳಿಗೆ 7.2 ಯೂನಿಟ್ ಆಗುತ್ತದೆ. ವೈಶಾಖದ ಸೆಕೆಯಲ್ಲಿ ತಗಡಿನ ಸೂರಿನ ಕೆಳಗೆ ಕೂಸು ಮಲಗಬೇಕಾದರೆ ಫ್ಯಾನು ಬೇಕು. ಎಪ್ಪತ್ತೈದು ವ್ಯಾಟಿನ ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ 18 ಯೂನಿಟ್. ಇನ್ನು ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕಟ್ಟಿಗೆ ಒದ್ದೆಯಾಗಿ ಒಲೆ ಹೊತ್ತದಿದ್ದಾಗ, ಮುದುಕರ ಸ್ನಾನಕ್ಕೆ ಸಾವಿರ ವ್ಯಾಟಿನ ಕಾಯಿಲ್ ಇಟ್ಟು ಅರ್ಧ ಗಂಟೆ ನೀರು ಕಾಯಿಸಿದರೆ ತಿಂಗಳಿಗೆ 15 ಯೂನಿಟ್. ಎಲ್ಲ ಕೂಡಿದರೆ 40.2! ಒಂದು ದೀಪ, ಒಂದು ಫ್ಯಾನು, ಒಂದು ಬಕೀಟು ಬಿಸಿನೀರು; ಇಷ್ಟಕ್ಕೇ ಮಿತಿ ದಾಟಿಹೋಯಿತು. ಬಡವರು ವಿದ್ಯುತ್ತನ್ನು ಪೋಲು ಮಾಡುತ್ತಾರೆಂದು ಹಗುರವಾಗಿ ಆಡುವವರು ಈ ಲೆಕ್ಕವನ್ನು ಒಮ್ಮೆ ಗಮನಿಸಬೇಕು.

2023ರಲ್ಲಿ ಬಂದ ‘ಗೃಹಜ್ಯೋತಿ’ ಈ ಮಿತಿಯನ್ನು ಬಹಳಷ್ಟು ಸಡಿಲಿಸಿತು. ಅದರ ಮೂಲ ಸೂತ್ರ ಹೀಗಿದೆ: 2022-23ರಲ್ಲಿ ಒಂದು ಮನೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇಕಡಾ 10ನ್ನು ಕೂಡಿಸಿ, ಅಷ್ಟನ್ನು ಉಚಿತವಾಗಿ ಕೊಡುವುದು. ಸರಾಸರಿ 100 ಇದ್ದವರಿಗೆ 110 ಉಚಿತ. 130 ಬಳಸಿದರೆ ಹೆಚ್ಚಿನ 20 ಯೂನಿಟ್‌ಗೆ ಮಾತ್ರ ಹಣ. ಆದರೆ ತಿಂಗಳ ಬಳಕೆ 200ನ್ನು ದಾಟಿತೆಂದರೆ ಬಿಲ್ಲು ಪೂರ್ತಿಯಾಗಿ ತಲೆಯ ಮೇಲೆ ಬೀಳುತ್ತದೆ. ಕಂಪನಿಗೆ ಇದರಿಂದ ನಷ್ಟವಾಗದಂತೆ, ಸರಕಾರ ಸಾರಿದ ರಿಯಾಯಿತಿಯ ಹಣವನ್ನು ಸರಕಾರವೇ ಮುಂಗಡವಾಗಿ ತುಂಬಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೆಯ ಕಲಮು ವಿಧಿಸಿದೆ.

ಇಷ್ಟಾದರೂ ಕತ್ತಲೆ ಉಳಿಯುವುದೆಲ್ಲಿ? ಹಳೇ ಹುಬ್ಬಳ್ಳಿಯ ಓಣಿಗಳಲ್ಲಾಗಲಿ ಧಾರವಾಡದ ಹಳೆಯ ವಠಾರಗಳಲ್ಲಾಗಲಿ, ನಾಲ್ಕಾರು ಬಾಡಿಗೆಯ ಬಿಡಾರಗಳಿಗೆ ಒಂದೇ ಮೀಟರು ಇದ್ದರೆ ಏನಾಗುತ್ತದೆ ನೋಡಿ. ಒಂದೊಂದು ಬಿಡಾರವೂ 50 ಯೂನಿಟ್ ಬಳಸಿ ಮಿತವಾಗಿಯೇ ಬಾಳುತ್ತದೆ. ಐದು ಬಿಡಾರಗಳು ಕೂಡಿದಾಗ ಮೀಟರು 250 ತೋರಿಸುತ್ತದೆ. ಮೀಟರಿಗೆ ಒಲೆಗಳ ಎಣಿಕೆ ತಿಳಿಯದು. ಅತ್ಯಂತ ಕಡಿಮೆ ಬಳಸುವವರೇ ಪೂರ್ತಿ ದರ ತೆರಬೇಕಾದ ವೈಚಿತ್ರ್ಯ ಇಲ್ಲಿ ಹುಟ್ಟುತ್ತದೆ. ಬಾಡಿಗೆದಾರರಿಗೂ ಈ ಯೋಜನೆಯಲ್ಲಿ ಅವಕಾಶವುಂಟು. ಆದರೆ ಅವರ ಬಿಡಾರಕ್ಕೆ ಪ್ರತ್ಯೇಕ ಮೀಟರು ಬೇಕು, ಬಾಡಿಗೆಯ ಕರಾರುಪತ್ರ ಬೇಕು. ಇವೆರಡೂ ಇರುವುದು ಮನೆಯ ಮಾಲಿಕರ ಕೈಯಲ್ಲಿ.

ಧರ್ಮಕಾರ್ಯಕ್ಕೆ ಇನ್ನೂ ಸ್ಥಳವಿರುವುದು ಇಲ್ಲಿಯೇ. ಒಂದು ತಿಂಗಳ ಬಿಲ್ಲು ಕಟ್ಟಿಕೊಟ್ಟರೆ ಆ ತಿಂಗಳು ದೀಪ ಉರಿದೀತು. ಪ್ರತ್ಯೇಕ ಮೀಟರಿನ ಠೇವಣಿಗೆ ನೆರವಾದರೆ, ಕರಾರುಪತ್ರಕ್ಕೆ ಸಹಿ ಹಾಕಿದರೆ, ವರ್ಷಾನುಗಟ್ಟಲೆ ಉರಿಯುತ್ತದೆ. ಬಾಕಿ ಉಳಿದ ಮನೆಯ ತಂತಿಯನ್ನು ಕತ್ತರಿಸುವ ಮೊದಲು 15 ದಿನಗಳಿಗೆ ಕಡಿಮೆಯಿಲ್ಲದ ಲಿಖಿತ ನೋಟೀಸು ಕೊಡಬೇಕೆಂದು ಅದೇ ಕಾಯ್ದೆಯ 56ನೆಯ ಕಲಮು ಹೇಳುತ್ತದೆ. ಅದನ್ನು ಅರಿಯದ ಮನೆಯವರಿಗೆ ತಿಳಿಸಿ ಹೇಳುವುದೂ ಒಂದು ಸಹಾಯವೇ.

ಸಿದ್ಧಾರೂಢ ಮಠದ ದಾಸೋಹದ ಪಂಕ್ತಿಯಲ್ಲಿ ಉಣ್ಣಲು ಕುಳಿತವನನ್ನು ‘ನೀನು ಎಷ್ಟು ಬಡವ?’ ಎಂದು ಯಾರೂ ಕೇಳುವುದಿಲ್ಲ. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವನೆ ದಾಸೋಹಕ್ಕೆ ಸಲ್ಲದು. ಆ ಪಂಕ್ತಿಯನ್ನು ಕಂಡು ಬೆಳೆದ ಊರು ನಮ್ಮದು. ಮುಂದಿನ ತಿಂಗಳು ನಿಮ್ಮ ವಠಾರದ ಯಾರಾದರೂ ಬಿಲ್ಲು ಹಿಡಿದು ಬಾಗಿಲಲ್ಲಿ ನಿಂತರೆ, ಅವರನ್ನು ಒಳಗೆ ಕರೆದು ಕೂಡ್ರಿಸಿ, ಕನ್ನಡಕ ಹಾಕಿಕೊಂಡು ಅದರ ಒಂದೊಂದು ಸಾಲನ್ನೂ ಅವರೊಡನೆ ಓದಿ. ಮೀಟರು ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ನೋಡಿ.